ಎಡವುಗಲ್ಲು

ಸಾಣೆ ಕೋಣೆ, ಜನವರಿ ೯

ಬೆಟ್ಟದ ಶಿಬಿರದ ಮೇಡಂ ಅವರಿಗೆ,

ನಿಮ್ಮ ಪಾರ್ಸೆಲ್ ತಲುಪಿತು. ಐದು ಪೊಟ್ಟಣಗಳಿದ್ದವು. ನಾಲ್ಕರಲ್ಲಿ ಕಲ್ಲಿತ್ತು, ಐದನೆಯದರಲ್ಲಿ ಹಿಟ್ಟಿತ್ತು. ಬೂದು ಬಣ್ಣದ, ನುಣ್ಣನೆಯ, ಕೈಗೆ ಮೆತ್ತಿಕೊಳ್ಳುವ ಹಿಟ್ಟು. ಬಿಚ್ಚಿದ ಮರುಕ್ಷಣ ನನ್ನ ಮೇಜು, ಕನ್ನಡಕ, ಮಧ್ಯಾಹ್ನದ ಊಟದ ಡಬ್ಬಿ ಎಲ್ಲವೂ ಒಂದೇ ಬಣ್ಣವಾದವು.

ನೀವು ಹೊಸಬರು, ನನ್ನ ಪರಿಚಯ ಇರಲಿಕ್ಕಿಲ್ಲ. ಕೇಂದ್ರ ಕಚೇರಿಯ ನೆಲಮಾಳಿಗೆಯಲ್ಲಿ ಕಲ್ಲು ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಅರೆಯುವವನು ನಾನು. ಸ್ಲೈಡು ಎನ್ನುವ ಆ ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಲ್ಲಿನ ಜಾತಕ ಓದುವವರು ನಿಮ್ಮಂಥವರು. ಎಲ್ಲರೂ ನನ್ನನ್ನು ಸಾಣೆ ಮೇಷ್ಟ್ರು ಎನ್ನುತ್ತಾರೆ. ನನ್ನ ಕೋಣೆಗೆ ಒಂದೇ ನಿಯಮ. ಕಲ್ಲನ್ನು ನೆಲದಿಂದ ಒಡೆದು ತೆಗೆಯುವ ಮೊದಲೇ ಅದರ ಮೇಲೆ ಯಾವ ಕಡೆ ಮೇಲು ಎಂದು ಒಂದು ಬಾಣ, ಪಕ್ಕದಲ್ಲಿ ಜಾಗದ ಸಂಖ್ಯೆ ಬರೆಯಬೇಕು. ಬಾಣ ಇದ್ದರೆ ಕಣ್ಣು ಮುಚ್ಚಿ ಕೊಯ್ಯುತ್ತೇನೆ, ಇಲ್ಲದಿದ್ದರೆ ಮುಟ್ಟುವುದಿಲ್ಲ. ಹಿಟ್ಟಿನ ಮೇಲೆ ಬಾಣ ಹೇಗೆ ಬರೆಯುತ್ತೀರೋ ನನಗೆ ತಿಳಿಯದು.

ಮುಂದಿನ ಸಲ ದಯವಿಟ್ಟು ಕಲ್ಲು ಕಳಿಸಿ.

ಸಾಣೆ ಮೇಷ್ಟ್ರು


ಶಿಬಿರ, ಜನವರಿ ೨೧

ಸಾಣೆ ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಊಟದ ಡಬ್ಬಿಗೆ ಬಿದ್ದದ್ದು ಎರಡು ಬೆಟ್ಟ ಸೇರಿ ಅರೆದ ಹಿಟ್ಟು. ಅಷ್ಟು ಹಳೆಯದನ್ನು ಅನ್ನಕ್ಕೆ ನೆಂಚಿಕೊಂಡು ಉಂಡವರು ಲೋಕದಲ್ಲೇ ನೀವೊಬ್ಬರು. ಹೇಗಿತ್ತು?

ನಾನಿರುವ ಕಡೆ ಎರಡು ಬೆಟ್ಟಗಳ ನಡುವೆ ನೆಲ ಸೀಳಿದೆ. ಒಂದು ದಂಡೆ ಇನ್ನೊಂದನ್ನು ಉಜ್ಜಿಕೊಂಡು ಜಾರಿದೆ. ದೂರದಲ್ಲಿ ಬಂಡೆ ಬರೀ ಬಿರಿದಿದೆ, ಹತ್ತಿರ ಬಂದಂತೆ ಚೂರಾಗಿದೆ, ಇನ್ನೂ ಹತ್ತಿರ ನುಚ್ಚಾಗಿದೆ, ನಟ್ಟನಡುವೆ ನಿಮ್ಮ ಹಿಟ್ಟು. ಹೇಗೆ ಜಾರಿತು ಎನ್ನುವುದೇ ಜಗಳ. ನಮ್ಮ ನಿರ್ದೇಶಕರ ಪ್ರಕಾರ ಈ ಬಿರುಕು ಮೊದಲಿನಿಂದಲೂ ಸಾಧು, ಮೆಲ್ಲಗೆ ತೆವಳಿಕೊಂಡು ಹೋಗಿದೆ. ನನ್ನ ಪ್ರಕಾರ ಅದು ಒಂದೇ ಏಟಿಗೆ, ದೊಡ್ಡ ಭೂಕಂಪದಲ್ಲಿ ಜಾರಿದೆ. ಹಾಗೆ ಜಾರಿದರೆ ಉಜ್ಜಿದ ಬಿಸಿಗೆ ಕಲ್ಲೇ ಕರಗುತ್ತದೆ. ಸಾವಿರ ಡಿಗ್ರಿಗೂ ಮೇಲೆ, ಕೆಲವೇ ಕ್ಷಣಗಳಲ್ಲಿ. ಕರಗಿದ ಕಲ್ಲು ಪಕ್ಕದ ಸಣ್ಣ ಸೀಳುಗಳಿಗೆ ನುಗ್ಗಿ, ಅಲ್ಲೇ ಆರಿ, ಕಪ್ಪು ಗಾಜಾಗುತ್ತದೆ. ಬೆರಳು ದಪ್ಪದ ಅಂಥ ಒಂದು ಗೆರೆ ಸಿಕ್ಕರೆ ನಾನು ಗೆದ್ದೆ. ಜೂನ್ ಕೊನೆಯೊಳಗೆ ಸಿಗದಿದ್ದರೆ ಶಿಬಿರ ಮುಚ್ಚುತ್ತಾರೆ, ನನ್ನನ್ನು ಇನ್ನೊಂದು ತುದಿಯ ಶಾಖೆಗೆ ಕಡತ ನೋಡಲು ಕಳಿಸುತ್ತಾರೆ. ಅಲ್ಲಿ ಕಲ್ಲೂ ಇಲ್ಲ, ಬೆಟ್ಟವೂ ಇಲ್ಲ, ಬರೀ ಬೀರುಗಳು. ಹಾಗಾಗಿ ನನ್ನ ಹಿಟ್ಟನ್ನು ಹೀಗಳೆಯಬೇಡಿ.

ಇಲ್ಲಿ ಫೋನು ಹಿಡಿಯುವುದಿಲ್ಲ. ಬೈಯುವುದಿದ್ದರೆ ಬರೆದೇ ಬೈಯಿರಿ.

ಸುತ್ತಿಗೆ ಮೇಡಂ (ಇಲ್ಲಿನವರು ಇಟ್ಟ ಹೆಸರು, ನನಗೂ ಇಷ್ಟ)


ಸಾಣೆ ಕೋಣೆ, ಫೆಬ್ರವರಿ ೬

ಸುತ್ತಿಗೆ ಮೇಡಂ ಅವರಿಗೆ,

ಹಿಟ್ಟು ಸಪ್ಪೆಯಿತ್ತು.

ಆದರೆ ಅದಕ್ಕೆ ಸೋಲುವವನು ನಾನಲ್ಲ. ಉಳಿದದ್ದನ್ನು ಗುಡಿಸಿ, ಅಂಟಿನಲ್ಲಿ ನೆನೆಸಿ, ಗಟ್ಟಿಯಾದ ಮೇಲೆ ಕೊಯ್ದು ಅರೆದೆ. ಸ್ಲೈಡನ್ನು ಇದರೊಂದಿಗೆ ಇಟ್ಟಿದ್ದೇನೆ. ಇಪ್ಪತ್ತು ವರ್ಷದಲ್ಲಿ ಇಂಥದ್ದನ್ನು ನೋಡಿರಲಿಲ್ಲ. ದೊಡ್ಡ ಚೂರು ಒಡೆದು ಸಣ್ಣದಾಗಿದೆ, ಸಣ್ಣದು ಒಡೆದು ಇನ್ನೂ ಸಣ್ಣದಾಗಿದೆ, ಕಣ್ಣಿಗೆ ಕಾಣುವವರೆಗೂ ಅದೇ ಕಥೆ. ಎಲ್ಲದಕ್ಕೂ ಚೂಪು ಮೂಲೆಗಳು. ಅಂದರೆ ಪುಡಿಯಾಗಿದೆ, ಕರಗಿಲ್ಲ. ಕೆಟ್ಟ ಸುದ್ದಿ ಹೇಳಬೇಕಾಗಿ ಬಂದದ್ದಕ್ಕೆ ಬೇಸರವಿದೆ.

ಮನೆಯಲ್ಲಿ ನಾನು ಮತ್ತು ಅಕ್ಕ, ಇಬ್ಬರೇ. ಅಕ್ಕ ಬಟ್ಟೆ ಹೊಲಿಯುತ್ತಾಳೆ. ನಿಮ್ಮ ಪತ್ರ ಓದಿ ಹೇಳಿದೆ. ನೆಂಚಿಕೊಂಡ ಮಾತು ಬಂದಾಗ ಸೂಜಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪಾಪ, ಕಾಗದದಲ್ಲಿ ಸುತ್ತಿದರೆ ಹಿಟ್ಟಾಗದೆ ಇನ್ನೇನು ಎಂದು ದಾರ ಎಳೆದು ಕಟ್ಟುವ ಒಂದಷ್ಟು ಚೀಲ ಹೊಲಿದು ಕೊಟ್ಟಿದ್ದಾಳೆ. ಅದರಲ್ಲಿ ಒಂದು ಕೆಂಪು. ಅದನ್ನು ಎಲ್ಲಕ್ಕಿಂತ ಒಳ್ಳೆಯ ಕಲ್ಲಿಗೆ ಎತ್ತಿಡಬೇಕಂತೆ. ನಾನು ಹೇಳಿದ್ದಲ್ಲ, ಅವಳ ಅಪ್ಪಣೆ.

ಸಾಣೆ ಮೇಷ್ಟ್ರು


ಶಿಬಿರ, ಮಾರ್ಚ್ ೨

ಮೇಷ್ಟ್ರೇ,

ಅಕ್ಕನ ಚೀಲಗಳನ್ನು ನೋಡಿ ಜೀಪಿನ ಡ್ರೈವರ್ ಕಲ್ಲುಗಳಿಗೂ ಯೋಗ ಬೇಕು ಎಂದ. ಅಕ್ಕನಿಗೆ ನನ್ನ ನಮಸ್ಕಾರ ಹೇಳಿ. ಇವತ್ತಿನ ಪಾರ್ಸೆಲ್‌ನಲ್ಲಿ ಒಂದೇ ಕಲ್ಲಿದೆ, ಇನ್ನು ಮೇಲೆ ಸಿಕ್ಕ ಸಿಕ್ಕ ಹಾಗೆ ಒಂದೊಂದೇ ಕಳಿಸುತ್ತೇನೆ. ಹಾಗೆ ಮಾಡಿದರೆ ಒಳ್ಳೆಯದು ಎಂದು ನನಗನ್ನಿಸಿದೆ.

ನಾನಿರುವುದು ಹಳೆಯ ಕಲ್ಲುಗಣಿಯ ಅಂಚಿನಲ್ಲಿ ತಗಡಿನ ಕೋಣೆಯಲ್ಲಿ. ಬಾಗಿಲಿನ ಎದುರಿಗೇ ನೆಲದೊಳಗಿನ ಬಂಡೆಯ ಮೂಗೊಂದು ಮೇಲೆದ್ದಿದೆ. ದಿನಾ ಬೆಳಿಗ್ಗೆ ಚಹಾದ ಲೋಟ ಹಿಡಿದು ಹೊರಬಂದು ಅದನ್ನು ಎಡವುತ್ತೇನೆ. ದಿನಾ ಅದಕ್ಕೆ ಬೈಯುತ್ತೇನೆ. ಆಮೇಲೆ ಅದರ ಮೇಲೇ ಕೂತು ಚಹಾ ಕುಡಿಯುತ್ತೇನೆ, ಪತ್ರ ಬಂದಿದ್ದರೆ ಓದುತ್ತೇನೆ. ನಂತರ ಕಪ್ಪು ಗೆರೆ ಹುಡುಕಲು ಬೆಟ್ಟ ಹತ್ತುತ್ತೇನೆ. ಇನ್ನೂ ಸಿಕ್ಕಿಲ್ಲ. ಸಿಗುತ್ತದೆ.

ಒಂದು ಕೇಳಲೇ? ಮೊದಲ ಪಾರ್ಸೆಲ್‌ನ ನಾಲ್ಕು ಕಲ್ಲುಗಳ ಸ್ಲೈಡುಗಳನ್ನು ನೀವು ಒಂದೊಂದೇ ಕಳಿಸುತ್ತಿದ್ದೀರಲ್ಲ, ಇಷ್ಟು ನಿಧಾನ ಯಾಕೆ?

ಸುತ್ತಿಗೆ


ಸಾಣೆ ಕೋಣೆ, ಮಾರ್ಚ್ ೧೯

ಸುತ್ತಿಗೆ ಮೇಡಂ,

ಸಾಣೆ ಕೆಲಸ ನಿಧಾನದ್ದೇ.

ನೀವು ಒಂದೊಂದೇ ಕಲ್ಲು ಕಳಿಸುವುದರಿಂದ ನಿಮಗೆ ಎಷ್ಟು ತೊಂದರೆ ಎಂದು ಯೋಚಿಸಿದೆ. ಪ್ರತಿ ಸಲ ಕಟ್ಟಬೇಕು, ವಿಳಾಸ ಬರೆಯಬೇಕು, ಜೊತೆಗೆ ಪತ್ರ ಬೇರೆ. ಅದೇ ಹೊತ್ತಿನಲ್ಲಿ ಇನ್ನೊಂದು ಗುಡ್ಡ ಹತ್ತಬಹುದು. ಜೂನ್ ದೂರವಿಲ್ಲ. ಎಲ್ಲವನ್ನೂ ಕೂಡಿಟ್ಟು ಒಮ್ಮೆಲೇ ಕಳಿಸಿಬಿಡಿ. ಪತ್ರ ಬರೆಯುವ ಶ್ರಮವೂ ತಪ್ಪುತ್ತದೆ.

ಕಾಲಿನ ಬೆರಳು ಹೇಗಿದೆ?

ಸಾಣೆ ಮೇಷ್ಟ್ರು


ಶಿಬಿರ, ಏಪ್ರಿಲ್ ೨೯

ಸಾಣೆ ಕೋಣೆಯ ಮೇಲ್ವಿಚಾರಕರಿಗೆ,

ತಾವು ಸೂಚಿಸಿದಂತೆ ಎಲ್ಲ ಕಲ್ಲುಗಳನ್ನೂ ಕೂಡಿಟ್ಟು ಒಮ್ಮೆಲೇ ಕಳಿಸಲಾಗಿದೆ. ಬಾಣ, ಸಂಖ್ಯೆ ಬರೆಯಲಾಗಿದೆ.

ಶಿಬಿರದ ಪರವಾಗಿ


ಸಾಣೆ ಕೋಣೆ, ಮೇ ೧೩

ಸುತ್ತಿಗೆ ಮೇಡಂ,

ಏಪ್ರಿಲ್ ತಿಂಗಳು ಪೂರ್ತಿ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಸದ್ದಾದರೂ ಅಂಚೆಯವನೇ ಎಂದು ಯಂತ್ರ ನಿಲ್ಲಿಸುತ್ತಿದ್ದೆ. ಹಾಗೆ ನಿಲ್ಲಿಸಿ ನಿಲ್ಲಿಸಿ ಎರಡು ಸ್ಲೈಡು ಹಾಳು ಮಾಡಿದೆ. ಆಮೇಲೆ ನಿಮ್ಮ ಪತ್ರ ಬಂತು, ಅದನ್ನು ಪತ್ರ ಎನ್ನುವುದಾದರೆ. ಮನೆಗೆ ಹೋಗಿ ಅಕ್ಕನಿಗೆ ತೋರಿಸಿದೆ. ನಾನು ನಿಮಗೆ ಏನು ಬರೆದಿದ್ದೆ ಎಂದು ಕೇಳಿದಳು, ಹೇಳಿದೆ. ಕತ್ತರಿ ಕೆಳಗಿಟ್ಟಳು.

“ಇಪ್ಪತ್ತು ವರ್ಷ ಕಲ್ಲನ್ನ ಬೆಳಕು ಹಾಯೋ ಹಾಗೆ ಅರೆದಿದ್ದೀಯ. ನಿನ್ನ ತಲೆಗೆ ಮಾತ್ರ ಇನ್ನೂ ಬೆಳಕು ಹಾಯ್ದಿಲ್ಲ ನೋಡು.”

ನಾನು ಬರೆದದ್ದು ತಪ್ಪಾಯಿತು. ಒಂದೊಂದೇ ಕಳಿಸಿ. ಶ್ರಮವಿಲ್ಲದಿದ್ದರೆ ಪತ್ರವನ್ನೂ ಬರೆಯಿರಿ.

ಕಳಿಸಿದ ಕಲ್ಲುಗಳನ್ನೆಲ್ಲ ಕೊಯ್ದಾಯಿತು. ಎಲ್ಲದರಲ್ಲೂ ಚೂಪು ಮೂಲೆಗಳೇ. ಕರಗಿದ್ದು ಒಂದೂ ಇಲ್ಲ. ಕೊನೆಯ ಸ್ಲೈಡನ್ನು ಮೂರು ಸಲ ಒರೆಸಿ ಮತ್ತೆ ಮತ್ತೆ ನೋಡಿದೆ. ನೀವು ಆ ಬೀರುಗಳ ಊರಿಗೆ ಹೋಗುವುದು ನನಗೆ ಇಷ್ಟವಿಲ್ಲ.

ಸಾಣೆ


ಶಿಬಿರ, ಮೇ ೨೪

ಮೇಷ್ಟ್ರೇ,

ಅಕ್ಕನನ್ನು ಯಾವತ್ತು ನೋಡುತ್ತೇನೋ ಅನ್ನಿಸಿಬಿಟ್ಟಿದೆ.

ನಿಮ್ಮ ಪತ್ರವನ್ನು ಎಡವುಗಲ್ಲಿನ ಮೇಲೆ ಕೂತು ಓದಿದೆ, ಮತ್ತೆ ಓದಿದೆ. ಕರಗಿದ ಕಲ್ಲು ಸಿಗಲಿಲ್ಲವೆಂದು ಅಳಬೇಕೋ, ಕೊನೆಯ ಸಾಲಿಗೆ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಜೂನ್ ಬಂದೇ ಬಿಟ್ಟಿತು. ಹತ್ತದ ಗುಡ್ಡ ಉಳಿದಿಲ್ಲ. ಮುಂದಿನ ವಾರದಿಂದ ಸಾಮಾನು ಕಟ್ಟಲು ಶುರು ಮಾಡಬೇಕು.

ಹೋಗುವ ಮೊದಲು ನಿಮಗೇನಾದರೂ ಕೊಡಬೇಕು ಅನ್ನಿಸಿತು. ಇಲ್ಲಿ ಕಲ್ಲು ಬಿಟ್ಟರೆ ಏನಿದೆ? ನೆನ್ನೆ ಸುತ್ತಿಗೆ ತಂದು ನನ್ನ ಎಡವುಗಲ್ಲಿನ ಮೂಗನ್ನೇ ಒಡೆದೆ. ಬೂದು ಮೈ, ನಡುನಡುವೆ ಗುಲಾಬಿ ಹರಳು, ನೋಡಲು ಚೆಂದವಿದೆ. ಅಕ್ಕನ ಕೆಂಪು ಚೀಲದಲ್ಲಿಟ್ಟು ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ, ಅವನು ನಿಮ್ಮ ಊರಿನ ಕಡೆಗೇ ಹೊರಟಿದ್ದ. ಇದು ಕೆಲಸದ ಕಲ್ಲಲ್ಲ. ನಿಮ್ಮ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಳ್ಳಿ. ನಿಮ್ಮ ಪತ್ರಗಳನ್ನೆಲ್ಲ ನಾನು ಅದರ ಮೇಲೆ ಕೂತೇ ಓದಿದ್ದು.

ಸುತ್ತಿಗೆ


ಸಾಣೆ ಕೋಣೆ, ಮೇ ೩೦

ಮೇಡಂ,

ನಿಮ್ಮ ಪತ್ರ ನೆನ್ನೆ ಬಂತು. ಕಲ್ಲು ಅದಕ್ಕೂ ಮೊದಲೇ ಬಂದಿತ್ತು. ಅದನ್ನು ಕೊಯ್ದುಬಿಟ್ಟಿದ್ದೇನೆ.

ಅದರ ಮೇಲೆ ಬಾಣವಿತ್ತು. ಸಂಖ್ಯೆಯೂ ಇತ್ತು. ನೋಡಿಕೊಳ್ಳಿ, ಉಡುಗೊರೆಯ ಕಲ್ಲಿನ ಮೇಲೂ ಬಾಣ ಬರೆದಿದ್ದೀರಿ! ಸಾಲದ್ದಕ್ಕೆ ಕೆಂಪು ಚೀಲ, ಎಲ್ಲಕ್ಕಿಂತ ಒಳ್ಳೆಯ ಕಲ್ಲು ಎಂದು ಬೇರೆಲ್ಲ ಬದಿಗಿಟ್ಟು ಅದನ್ನೇ ಮೊದಲು ಗರಗಸಕ್ಕೆ ಕೊಟ್ಟೆ. ಒಬ್ಬರು ಪ್ರೀತಿಯಿಂದ ಕಳಿಸಿದ್ದನ್ನು ನಡುವೆ ಸೀಳಿದೆ. ಅಕ್ಕ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ, ತಟ್ಟೆಯನ್ನು ಮಾತ್ರ ಮುಂದೆ ತಳ್ಳುತ್ತಾಳೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಸ್ಲೈಡು ಕೂಡ ಕೆಟ್ಟಿದೆ. ಅಂಟು ಬಿಸಿಯಾಗಲು ಇಟ್ಟು ನಿಮ್ಮ ಹಳೆಯ ಪತ್ರ ತೆಗೆದು ಓದುತ್ತಾ ಮೈಮರೆತೆ. ಅಂಟು ಸೀದಿರಬೇಕು. ಕಲ್ಲಿನ ಒಂದು ಅಂಚಿನುದ್ದಕ್ಕೂ ಉಗುರು ದಪ್ಪದ ಕಂದುಗಪ್ಪು ಗೆರೆ ಎದ್ದಿದೆ. ಅಂಟು ಸೋರಿದ ಹಾಗೆ ಅದರಿಂದ ಸಣ್ಣ ಕವಲುಗಳು ಪಕ್ಕದ ಸೀಳುಗಳಿಗೂ ಹೋಗಿವೆ. ಸೂಕ್ಷ್ಮದರ್ಶಕದಲ್ಲಿ ಸ್ಲೈಡು ತಿರುಗಿಸಿದರೆ ಹರಳುಗಳು ಮಿನುಗಿ ಆರುತ್ತವೆ, ಈ ಗೆರೆ ಮಾತ್ರ ಹೇಗೆ ತಿರುಗಿಸಿದರೂ ಅಂಟಿನ ಹಾಗೆ ಕಪ್ಪಾಗಿಯೇ ಉಳಿಯುತ್ತದೆ. ಅದರೊಳಗೆ ಸಿಕ್ಕಿಕೊಂಡ ಹರಳುಗಳ ಮೂಲೆಗಳು ಬಾಯಲ್ಲಿಟ್ಟು ಚೀಪಿದ ಕಲ್ಲುಸಕ್ಕರೆಯಂತೆ ಉರುಟಾಗಿವೆ. ಇಂಥ ಕೆಟ್ಟ ಕೆಲಸ ನನ್ನ ಕೈಯಿಂದ ಯಾವತ್ತೂ ಆಗಿರಲಿಲ್ಲ. ಕಲ್ಲು ನಿಮ್ಮದು, ಸ್ಲೈಡೂ ನಿಮ್ಮದೇ, ಕಳಿಸಿದ್ದೇನೆ. ಉಳಿದ ಅರ್ಧ ನನ್ನ ಮೇಜಿನ ಮೇಲಿದೆ. ಅದನ್ನು ನೋಡಲೂ ನಾಚಿಕೆ.

ಸಾಣೆ


ಶಿಬಿರ, ಜೂನ್ ೭

ಮೇಷ್ಟ್ರೇ, ಮೇಷ್ಟ್ರೇ,

ಅದು ಅಂಟಲ್ಲ.

ಕೊಯ್ದದ್ದು ಓದಿ ಮೊದಲು ಮುಖ ಊದಿಸಿಕೊಂಡೆ, ಸುಳ್ಳು ಹೇಳುವುದಿಲ್ಲ. ಉರುಟು ಮೂಲೆ ಎಂಬ ಮಾತಿಗೆ ಬಂದಾಗ ಪತ್ರವನ್ನು ಅಲ್ಲೇ ಎಸೆದೆ. ಸ್ಲೈಡಿದ್ದ ಲಕೋಟೆಯನ್ನು ಹಲ್ಲಿನಿಂದ ಹರಿದು ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಆ ಕಪ್ಪಿನೊಳಗೆ ಕೂದಲಿಗಿಂತ ಸಣ್ಣ ಸೂಜಿಗಳಂತೆ ಹರಳು ಬೆಳೆದಿವೆ. ಸೀದ ಅಂಟಿನಲ್ಲಿ ಹರಳು ಬೆಳೆಯುತ್ತದೆಯೇ? ಗೆರೆಯ ಎರಡೂ ಅಂಚಿನಲ್ಲಿ ತಣ್ಣಗಿನ ಬಂಡೆ ತಾಗಿ ಬೇಗ ಆರಿದ್ದರಿಂದ ಸೂಜಿಗಳು ಇನ್ನೂ ಸಣ್ಣವು. ಹಿಟ್ಟಿನಲ್ಲಿ ರಾಶಿ ರಾಶಿ ಇದ್ದ ಅತಿ ಸಣ್ಣ ಚೂರುಗಳು ಇಲ್ಲಿ ಇಲ್ಲವೇ ಇಲ್ಲ, ಅವೇ ಮೊದಲು ಕರಗಿಹೋಗಿವೆ. ಕರಗಿದ ಕಲ್ಲು, ಮೇಷ್ಟ್ರೇ! ಎರಡು ಬೆಟ್ಟ ಒಂದೇ ಏಟಿಗೆ ಜಾರಿ, ಉಜ್ಜಿ, ಕಲ್ಲನ್ನು ನೀರು ಮಾಡಿದ ಗುರುತು ನಿಮ್ಮ ಕೈಯಲ್ಲೇ ಹಾದುಹೋಗಿದೆ. ನೀವು ಅದಕ್ಕೆ ಕ್ಷಮೆ ಕೇಳಿದ್ದೀರಿ.

ಬರಿಗಾಲಲ್ಲೇ ಹೊರಗೆ ಓಡಿಬಂದೆ. ಮುರಿದ ಮೂಗಿನ ಬುಡದಲ್ಲಿ ಮಣ್ಣು ಸರಿಸಿದರೆ ಗೆರೆ ಅಲ್ಲೇ ಇದೆ. ನನ್ನ ಕೋಣೆಯ ಕೆಳಗೆ ಹಾಯ್ದು ಅಡುಗೆಮನೆಯ ಹಿಂದೆ ಹೊರಬಂದಿದೆ. ಬೆರಳು ದಪ್ಪದ ಗೆರೆ ಬೇಕೆಂದು ಬೆಟ್ಟಗಳನ್ನೆಲ್ಲ ಅಲೆದವಳು ಮಣ್ಣು ಮೆತ್ತಿ ಮರೆಯಾಗಿದ್ದ ಉಗುರು ದಪ್ಪದ್ದನ್ನು ದಿನಾ ಎಡವಿ ಬೈದಿದ್ದೇನೆ. ಇನ್ನೊಂದು ಸೋಜಿಗ ಕೇಳಿ. ನಾನು ಸುತ್ತಿಗೆ ಹಾಕಿದಾಗ ಬಂಡೆ ಆ ಗೆರೆಯುದ್ದಕ್ಕೆ ಒಡೆಯಲಿಲ್ಲ, ಪಕ್ಕದಲ್ಲಿ ಒಡೆಯಿತು. ಕರಗಿ ಬೆಸೆದುಕೊಂಡ ಕಡೆ ಅದು ಉಳಿದ ಬಂಡೆಗಿಂತ ಗಟ್ಟಿ.

ಉಡುಗೊರೆಗೂ ಬಾಣ ಬರೆದೆನೆಂದು ದೂರಿದಿರಲ್ಲ? ಏನು ಮಾಡಲಿ, ಕೈಗೆ ಅಭ್ಯಾಸವಾಗಿದೆ. ಆ ಬಾಣ ಇದ್ದದ್ದಕ್ಕೇ ಕಲ್ಲು ಯಾವ ಕಡೆಗೆ ಜಾರಿತು ಎಂದು ಈಗ ಎದೆ ತಟ್ಟಿ ಹೇಳಬಲ್ಲೆ. ಅಂದೇ ಜೀಪು ಕಳಿಸಿದೆ. ನಿರ್ದೇಶಕರು ಖುದ್ದು ಬಂದು ನೋಡಿ, ಅರ್ಧ ಗಂಟೆ ಗೆರೆಯ ಮೇಲೆ ಬೆರಳಾಡಿಸಿ, ಕೊನೆಗೆ ನನ್ನ ಕೈ ಕುಲುಕಿದರು. ಶಿಬಿರ ಎರಡು ವರ್ಷ ಮುಂದುವರಿಯುತ್ತದೆ. ಸಾಣೆ ಯಂತ್ರ ಇಲ್ಲಿಗೇ ಬೇಕು, ಅದನ್ನು ಬಲ್ಲವರೂ ಬೇಕು ಎಂದೆ. ಒಪ್ಪಿದರು. ಯಾರು ಬರಬೇಕೆಂದು ನೀವೇ ತಿಳಿಸಿ.

ಕುಣಿದು ಸುಸ್ತಾದ ಸುತ್ತಿಗೆ


ಸಾಣೆ ಕೋಣೆ, ಜೂನ್ ೧೫

ಸುತ್ತಿಗೆ ಮೇಡಂ ಅವರಿಗೆ,

ಅಭಿನಂದನೆಗಳು. ಕಚೇರಿಗೆಲ್ಲ ಸಿಹಿ ಹಂಚಿದೆ. ಅಕ್ಕ ಮತ್ತೆ ಮಾತಾಡುತ್ತಿದ್ದಾಳೆ.

ನೀವು ಕೇಳಿದ ವಿಷಯ. ನಮ್ಮಲ್ಲಿ ಪಳಗಿದ ಹಿರಿಯರೊಬ್ಬರಿದ್ದಾರೆ, ನನಗೆ ಕೆಲಸ ಕಲಿಸಿದವರು. ಕೈ ಶುದ್ಧ, ಮಾತು ಕಡಿಮೆ. ಗೊರಕೆ ಹೊಡೆಯುತ್ತಾರೆ, ಅದೊಂದು ಬಿಟ್ಟರೆ ಚಿನ್ನದಂಥವರು. ಅವರ ಹೆಸರನ್ನು ಸೂಚಿಸಿದ್ದೇನೆ. ಯಂತ್ರವನ್ನು ನಾನೇ ತೊಳೆದು, ಎಣ್ಣೆ ಹಾಕಿ ಕಟ್ಟಿಸುತ್ತೇನೆ. ಇನ್ನು ನೀವು ಕಲ್ಲನ್ನು ಇಷ್ಟು ದೂರ ಕಳಿಸುವ ಅಗತ್ಯ ಬೀಳುವುದಿಲ್ಲ.

ನಿಮ್ಮ ಗೆಲುವು ನನಗೆ ಬಹಳ ಸಂತೋಷ ತಂದಿದೆ.

ಸಾಣೆ ಮೇಷ್ಟ್ರು


ಶಿಬಿರ, ಜೂನ್ ೨೨

ಮೇಷ್ಟ್ರೇ,

ಆ ಗೊರಕೆಯ ಚಿನ್ನವನ್ನು ನೀವೇ ಇಟ್ಟುಕೊಳ್ಳಿ.

ಈ ಪತ್ರವನ್ನು ಬರೆದು ಹರಿದು, ಬರೆದು ಹರಿದು, ಈಗ ಡ್ರೈವರ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಆದ್ದರಿಂದ ನೇರ ಹೇಳುತ್ತೇನೆ. ಯಾರು ಬರಬೇಕೆಂದು ನಾನು ಕೇಳಿದ್ದು ನೀವು “ನಾನೇ ಬರುತ್ತೇನೆ” ಎನ್ನಲಿ ಎಂದು. ಒಂದೊಂದೇ ಕಲ್ಲು ಕಳಿಸಿದ್ದು ಕಲ್ಲು ಹೋದರೆ ಪತ್ರ ಬರುತ್ತದೆ ಎಂದು. ಕೂಡಿಟ್ಟು ಕಳಿಸಿ ಎಂದಾಗ ಏಪ್ರಿಲ್ ಪೂರ್ತಿ ಸಿಟ್ಟು ಮಾಡಿಕೊಂಡದ್ದೂ ಅದಕ್ಕೇ. ನನಗೆ ಯಂತ್ರ ನಡೆಸುವವರು ಬೇಕಿಲ್ಲ, ನೀವು ಬೇಕು. ನಲವತ್ತೊಂದು ವಯಸ್ಸಿನ ಹೆಂಗಸು ಇದಕ್ಕಿಂತ ಬಿಡಿಸಿ ಹೇಳಬೇಕಾದರೆ ಅದನ್ನೂ ಸ್ಲೈಡು ಮಾಡಿಯೇ ಕಳಿಸಬೇಕು.

ಉಳಿದ ಅರ್ಧ ಕಲ್ಲನ್ನು ಅಂಚೆಗೆ ಹಾಕಬೇಡಿ. ಕೈಯಲ್ಲೇ ತನ್ನಿ.

ಸುತ್ತಿಗೆ


ಸಾಣೆ ಕೋಣೆ, ಜುಲೈ ೧

ನನ್ನ ಸುತ್ತಿಗೆ ಮೇಡಂ,

ಮೊದಲ ಪಾರ್ಸೆಲ್‌ನ ನಾಲ್ಕು ಸ್ಲೈಡು ಒಂದೇ ವಾರದಲ್ಲಿ ಮುಗಿದಿದ್ದವು. ಒಂದನ್ನು ಕಳಿಸಿ ಉಳಿದದ್ದನ್ನು ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಸಾಣೆ ಕೆಲಸ ಅಷ್ಟೇನೂ ನಿಧಾನದ್ದಲ್ಲ.

ನಿರ್ದೇಶಕರ ಹತ್ತಿರ ಹೋಗಿ ಹೆಸರು ಬದಲಿಸಲು ಕೇಳಿದೆ. ಅವರು ನಕ್ಕು, ಆ ಹಿರಿಯರು ಮೊದಲೇ ಬಂದು ತಾನು ಹೋಗುವುದಿಲ್ಲ, ಮೇಷ್ಟ್ರನ್ನೇ ಕಳಿಸಿ ಎಂದು ಹೇಳಿಹೋಗಿದ್ದಾರೆ ಎಂದರು. ಇಡೀ ಕಚೇರಿಗೆ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

ನಿಮ್ಮ ಪತ್ರವನ್ನು ಓದಿ ಮುಗಿಸುವಷ್ಟರಲ್ಲಿ ಅಕ್ಕ ಹೊಲಿಗೆ ಯಂತ್ರವನ್ನು ಹೊದಿಕೆಯಲ್ಲಿ ಸುತ್ತಿಯಾಗಿತ್ತು. ಅವಳೂ ಬರುತ್ತಾಳೆ, ಬೇಡವೆಂದರೂ ಬರುತ್ತಾಳಂತೆ. ಹತ್ತನೇ ತಾರೀಕಿಗೆ ಹೊರಡುತ್ತೇವೆ. ಎರಡು ಯಂತ್ರ ಲಾರಿಯಲ್ಲಿ, ಕಲ್ಲು ನನ್ನ ಮಡಿಲಲ್ಲಿ.

ಸಾಣೆ


ಶಿಬಿರ, ಜುಲೈ ೨೬ (ಅಂಚೆಚೀಟಿ ಇಲ್ಲ, ಬಾಗಿಲ ಸಂದಿಯಲ್ಲಿ ತಳ್ಳಿದ್ದು)

ಮೇಡಂ,

ಬಂದು ಎರಡು ವಾರವಾಯಿತು. ಎದುರಿಗೆ ಕೂತಾಗ ನನಗೆ ಕಲ್ಲು, ಗರಗಸ, ಅಂಟು ಬಿಟ್ಟು ಬೇರೆ ಮಾತು ಹೊರಡುವುದಿಲ್ಲ. ನೀವೂ ನೋಡಿದ್ದೀರಿ. ನೆನ್ನೆ ನಾವಿಬ್ಬರೂ ಮಂಡಿಯೂರಿ ಬಾಣ ನೋಡಿಕೊಂಡು ಉಳಿದ ಅರ್ಧವನ್ನು ಅದರ ಜಾಗದಲ್ಲಿ ಕೂರಿಸಿದೆವಲ್ಲ, ಆಗಲೇ ಕೇಳಬೇಕೆಂದಿದ್ದೆ. ಬಾಯಿ ತೆರೆದೆ. ಈ ಅಂಟು ಒಣಗಲು ಒಂದು ದಿನ ಬೇಕು ಎಂದುಬಿಟ್ಟೆ. ಅಕ್ಕ ಕಿಟಕಿಯಲ್ಲಿ ನಿಂತು ತಲೆ ಚಚ್ಚಿಕೊಂಡದ್ದು ಕಾಣಿಸಿತು.

ಬರೆದರೆ ಮಾತ್ರ ನಾನು ಮನುಷ್ಯ. ಅದಕ್ಕೇ ಒಂದು ಗೋಡೆಯಾಚೆ ಕೂತು ಬರೆಯುತ್ತಿದ್ದೇನೆ. ನನ್ನನ್ನು ಮದುವೆಯಾಗುತ್ತೀರಾ?

ಸಾಣೆ


ಅದೇ ಕಾಗದದ ಹಿಂಬದಿ, ಅದೇ ದಿನ

ಆಗುತ್ತೇನೆ. ಜನವರಿಯಲ್ಲಿ ಹಿಟ್ಟು ಕಳಿಸಿದವಳು ಜುಲೈವರೆಗೆ ಕಾದಿದ್ದೇನೆ, ಇನ್ನು ಒಂದು ಗಳಿಗೆಯೂ ಕಾಯಲಾರೆ. ಇದಕ್ಕೆ ಉತ್ತರ ಬರೆಯುತ್ತಾ ಕೂರಬೇಡಿ, ಅಕ್ಕನನ್ನೂ ಕರೆದುಕೊಂಡು ಈಗಲೇ ಬನ್ನಿ. ಬಾಗಿಲು ತೆರೆದಿದೆ. ಎದುರಿಗೆ ಕಲ್ಲಿದೆ, ನೋಡಿಕೊಂಡು ಕಾಲಿಡಿ.